ಬಲಗಡೆ ಬಿದ್ದ ದಾಸವಾಳ

ದಾಸವಾಳಕ್ಕೆ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡಿಕೊಳ್ಳುತ್ತದೆ. ಮಾಲೆ ಕಟ್ಟಿದರೆ ಜೋತು ಬೀಳುತ್ತದೆ. ನನ್ನ ಅತ್ತೆ ಅಂಜಿನಮ್ಮ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಕೂತು ಹೂ ಮಾರುತ್ತಿದ್ದವರು. ಮಲ್ಲಿಗೆ, ಕನಕಾಂಬರ, ಸೇವಂತಿಗೆಗಳಿಗೆ ಬುಟ್ಟಿಯಲ್ಲಿ ಜಾಗ. ದಾಸವಾಳಕ್ಕೆ ಮಾತ್ರ ಪಕ್ಕದಲ್ಲೊಂದು ಬಾಳೆ ಎಲೆಯ ತುಂಡು. ಪೂಜೆಗೆಂದು ಯಾರಾದರೂ ಕೇಳಿದರೆ ಕೊಸರಾಗಿ ಎರಡು ಕೊಟ್ಟು ಕಳಿಸುತ್ತಿದ್ದರು. ಅಂಥ ಹೂವೊಂದು ನಮ್ಮ ಮನೆಯನ್ನು ಎರಡು ದಿನ ಅಲ್ಲಾಡಿಸಿತು. ನನ್ನ ನಾದಿನಿ ನಾರಾಯಣಮ್ಮ ಯಾವ ಕಾಲೇಜಿಗೆ ಸೇರಬೇಕು ಎಂಬುದೇ ಆಗಿನ ಪ್ರಶ್ನೆ. ನಾನು ಬರೆಯಲು ಕೂತಿರುವುದು ಅವಳ ವಿಷಯ.

ನಮ್ಮ ಮನೆ ಓಕಳಿಪುರದಲ್ಲಿ, ರೈಲು ಹಳಿಯ ಮಗ್ಗುಲಲ್ಲೇ ಇತ್ತು. ಗಾಡಿ ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಮಾತಾಡಿಕೊಳ್ಳುತ್ತಿದ್ದವು. ನಾನು ಆ ಮನೆಗೆ ಮದುವೆಯಾಗಿ ಬಂದಾಗ ನಾರಾಯಣಮ್ಮ ಇನ್ನೂ ಎರಡು ಜಡೆ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಎಲ್ಲರ ಬಾಯಲ್ಲೂ ನಾಣಿ. ಮಾವ ಆಗಲೇ ತೀರಿಕೊಂಡಿದ್ದರು. ನಮ್ಮ ಯಜಮಾನರು, ಹನುಮಂತಯ್ಯನವರು, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ತಂಗಿಗೆ ಅವರೇ ಅಣ್ಣ, ಅವರೇ ಅಪ್ಪ.

ನಾಣಿಗೆ ಒಂದು ಚಾಳಿಯಿತ್ತು. ಮುಂಜಾನೆ ನಾವು ಮೂವರೂ ಬಾಳೆನಾರು ನೆನೆಸಿಕೊಂಡು ಹೂ ಕಟ್ಟಲು ಕೂತರೆ, ಅವಳ ಮುಂದೆ ಮಾಲೆಗಿಂತ ಮೊದಲು ಚೂರುಗಳು ಬೀಳುತ್ತಿದ್ದವು. ಎಸಳು ಬೇರೆ, ತೊಟ್ಟು ಬೇರೆ, ನಡುವಿನ ಕಡ್ಡಿ ಬೇರೆ. ಉಗುರಿನಲ್ಲಿ ಸೀಳಿ, ಕಣ್ಣಿನ ಹತ್ತಿರ ಹಿಡಿದು ನೋಡುವಳು.

"ಹೂ ಮಾರೋಳ ಹೊಟ್ಟೇಲಿ ಹುಟ್ಟಿ ಹೂವನ್ನೇ ಕೊಲ್ತಾಳಲ್ಲೇ ಇವ್ಳು!" ಎಂದು ಅತ್ತೆ ಕೂಗುವರು.

"ಒಳಗೇನಿದೆ ಅಂತ ನೋಡ್ದೆ ಕಣಮ್ಮ."

"ಹೂವಿನೊಳಗೆ ಹೂವೇ ಇರ್ತೈತೆ. ಇನ್ನೇನು ಲಾಡು ಇಟ್ಟಿರ್ತಾರಾ?"

ಇಂಥ ಹುಡುಗಿ ಪಿ.ಯು.ಸಿ.ಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಅದು ಎಪ್ಪತ್ನಾಲ್ಕನೇ ಇಸವಿ. ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳಿರಲಿ, ಗಂಡುಹುಡುಗರೇ ಅಲ್ಲಿಯವರೆಗೆ ಹೋದವರು ಅಪರೂಪ. ಯಜಮಾನರು ಇಡೀ ಬೀದಿಗೆ ಬೂಂದಿ ಹಂಚಿದರು. ಅಷ್ಟಕ್ಕೇ ಮುಗಿಯಲಿಲ್ಲ. ನಾಣಿ ಬಿ.ಎಸ್ಸಿ.ಗೆ ಎರಡು ಕಡೆ ಅರ್ಜಿ ಹಾಕಿದ್ದಳು, ಎರಡು ಕಡೆಯೂ ಸೀಟು ಸಿಕ್ಕಿತು.

ಒಂದನ್ನು ನಮ್ಮ ಬೀದಿಯವರು ಕಮಾನಿನ ಕಾಲೇಜು ಎನ್ನುತ್ತಿದ್ದರು. ಮೆಜೆಸ್ಟಿಕ್ಕಿನಾಚೆ, ದೊಡ್ಡ ದೊಡ್ಡ ಮರಗಳ ನಡುವೆ, ಕಲ್ಲಿನ ಕಮಾನುಗಳ ಕಟ್ಟಡ. ಆಫೀಸರುಗಳ ಮಕ್ಕಳು, ಡಾಕ್ಟರುಗಳ ಮಕ್ಕಳು ಓದುವ ಜಾಗ. ಅಲ್ಲಿ ಸೀಟು ಸಿಗದೆ ಅತ್ತವರ ಕಥೆಗಳೇ ಬೇಕಾದಷ್ಟಿದ್ದವು. ಇನ್ನೊಂದು ಮಲ್ಲೇಶ್ವರದ ಒಂದು ಸಂದಿಯಲ್ಲಿದ್ದ ಶೀಟಿನ ಕಾಲೇಜು. ಯಾರೋ ಬಿಟ್ಟುಕೊಟ್ಟ ಹಳೇ ಮನೆ, ಅದರ ಹಿತ್ತಲಿಗೆ ತಗಡಿನ ಶೀಟು ಹೊದಿಸಿ ಕ್ಲಾಸ್‌ರೂಮು ಮಾಡಿದ್ದರು. ಪಾಸಾದವರಿಗೆಲ್ಲ ಅಲ್ಲಿ ಸೀಟು. "ನೆರಳಿಗೆ ನಿಂತ್ರೂ ಒಳಗೆ ಕರ್ಕೊಂಡು ಕೂರುಸ್ತಾರೆ" ಎಂದು ಹುಡುಗರು ತಮಾಷೆ ಮಾಡುತ್ತಿದ್ದರು.

ಯಜಮಾನರಿಗೆ ಕಮಾನಿನ ಕಾಲೇಜೇ ಆಗಬೇಕು. ವರ್ಕ್‌ಶಾಪಿಗೆ ಸೈಕಲ್ಲಿನಲ್ಲಿ ಹೋಗುವಾಗ ದಿನಾ ಆ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರು. "ಆ ಗೇಟಲ್ಲಿ ನಮ್ಮ ನಾಣಿ ಒಳಗೆ ಹೋಗೋದ ನೋಡ್ಬೇಕು ಕಣೇ" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದರೋ. ಅತ್ತೆಗೆ ಶೀಟಿನ ಕಾಲೇಜು. ಅವರ ಅಂಗಡಿಗೆ ಅದು ಕೂಗಳತೆಯ ದೂರ; ಮಗಳು ಬೆಳಿಗ್ಗೆ ಹೂ ಕಟ್ಟಿಕೊಟ್ಟು ಹೋಗಬಹುದು, ಮಧ್ಯಾಹ್ನ ಬಂದು ಬುಟ್ಟಿಯ ಹತ್ತಿರ ಕೂರಬಹುದು. ಇನ್ನೊಂದು ಲೆಕ್ಕವೂ ಅವರ ಮನಸ್ಸಿನಲ್ಲಿತ್ತು. ದೊಡ್ಡ ಕಾಲೇಜಿಗೆ ಸೇರಿದ ಹುಡುಗಿಯನ್ನು ನಡುವೆ ಬಿಡಿಸಿ ಮದುವೆ ಮಾಡಲು ಆಗುವುದಿಲ್ಲ. ಚಿಕ್ಕ ಕಾಲೇಜಾದರೆ ಗಂಡು ಸಿಕ್ಕಿದ ದಿನ ಪುಸ್ತಕ ಮುಚ್ಚಿಸಬಹುದು.

ಒಂದು ವಾರ ತಾಯಿಮಗ ಮಾತು ಬಿಟ್ಟರು. ಊಟ ಬಡಿಸುವಾಗ ನಾನೇ ಮಧ್ಯಸ್ಥಿಕೆ. "ಲಕ್ಷ್ಮೀದೇವಮ್ಮ, ನಿನ್ ಗಂಡನಿಗೆ ಸಾರು ಬೇಕಾ ಕೇಳು" ಎಂದು ಅತ್ತೆ. "ಬೇಡ ಅಂತ ಹೇಳು" ಎಂದು ಅವರು. ಇಬ್ಬರ ನಡುವೆ ಎರಡು ಮಾರು ದೂರವೂ ಇರುತ್ತಿರಲಿಲ್ಲ. ನಾಣಿ ತಲೆ ತಗ್ಗಿಸಿ ಊಟ ಮಾಡುವಳು. ಅವಳಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ. ಶನಿವಾರ ಎರಡು ಕಡೆಯೂ ಸೇರಲು ಕಡೆಯ ದಿನ.

ಶುಕ್ರವಾರ ಬೆಳಿಗ್ಗೆ ಅತ್ತೆ ಎದ್ದವರೇ, "ಗಂಗಮ್ಮನ ಗುಡಿಗೆ ಹೋಗಿ ಹೂ ಕೇಳೋಣ" ಎಂದರು. ಯಜಮಾನರು ತಕ್ಷಣ ಒಪ್ಪಿಕೊಂಡಾಗ ನನಗೆ ಆಶ್ಚರ್ಯವಾಯಿತು.

ಹೂ ಕೇಳುವುದು ಹೇಗೆಂದರೆ, ಪೂಜಾರಿ ತಾಯಿಯ ಕಿರೀಟದ ಎರಡೂ ಬದಿಗೆ ಒದ್ದೆ ಹೂಗಳನ್ನು ಅಂಟಿಸುತ್ತಾರೆ. ಕೇಳುವವರು ಕೈಮುಗಿದು ನಿಂತು, "ಇದು ಆಗುವುದಾದರೆ ಬಲಗಡೆ ಹೂ ಕೊಡು" ಎಂದು ಮನಸ್ಸಿನಲ್ಲೇ ಬೇಡಿಕೊಳ್ಳಬೇಕು. ಬಾಯಿಬಿಟ್ಟರೆ ಫಲವಿಲ್ಲ. ಬಲಗಡೆಯಿಂದ ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಇಲ್ಲ. ಮನಸ್ಸಿನಲ್ಲೇ ಕೇಳುವುದರಿಂದ ಒಂದು ಸಲಕ್ಕೆ ಒಬ್ಬರೇ ಕೇಳುವುದು ರೂಢಿ. ಉಳಿದವರು ಸುಮ್ಮನೆ ನಿಂತಿರುತ್ತಾರೆ. ಆ ದಿನ ಹಿರಿಯಳು ತಾನು, ತಾನೇ ಕೇಳುವವಳು ಎಂದು ಅತ್ತೆ ತಿಳಿದಿದ್ದರು. ಅಪ್ಪನ ಜಾಗದಲ್ಲಿರುವವನು ತಾನು, ತಾನೇ ಕೇಳುವವನು ಎಂದು ಯಜಮಾನರು ತಿಳಿದಿದ್ದರು. ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲವಲ್ಲ, ಹೇಳಿಕೊಳ್ಳುವುದೆಲ್ಲಿಂದ ಬಂತು?

ಪೂಜಾರಿ ದಾಸಪ್ಪನವರು ಹೂ ಏರಿಸಿ ಮಂಗಳಾರತಿ ಎತ್ತಿದರು. ನಾವು ನಾಲ್ವರೂ ಕಣ್ಣು ಮಿಟುಕಿಸದೆ ನಿಂತಿದ್ದೆವು. ಗುಡಿಯ ಹಿಂದೆಯೇ ರೈಲು ಹೋಯಿತು. ನೆಲ ನಡುಗಿತು, ಹೂ ಅಲ್ಲಾಡಲಿಲ್ಲ. ರೈಲಿನ ಸದ್ದೆಲ್ಲ ಅಡಗಿ, ಕರ್ಪೂರ ಆರುವ ಹೊತ್ತಿಗೆ, ಬಲಗಡೆಯ ಕೆಂಪು ದಾಸವಾಳ ತನ್ನಷ್ಟಕ್ಕೆ ಜಾರಿ ತಾಯಿಯ ಭುಜಕ್ಕೆ ತಾಗಿ ಪಾದದ ಹತ್ತಿರ ಬಂದು ಕೂತಿತು. ನನ್ನ ಮೈ ಜುಮ್ಮೆಂದಿತು. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ಯಜಮಾನರ ಕಣ್ಣಲ್ಲಿ ನೀರು. ದಾಸಪ್ಪನವರು ಹೂವನ್ನು ತಂದು ನಾಣಿಯ ಕೈಗೆ ಹಾಕಿದರು.

ಗುಡಿಯಿಂದ ಹೊರಗೆ ಬರುವಾಗ ತಾಯಿಮಗ ಮಾತಾಡಲು ಶುರುಮಾಡಿದರು. "ಆಯ್ತಲ್ಲಪ್ಪ, ತಾಯೀನೇ ಹೇಳ್ಬುಟ್ಲು" ಎಂದು ಅತ್ತೆ. "ಹೂನಮ್ಮ, ಇನ್ನೇನೈತೆ, ನಾಳೆ ಹೋಗಿ ಸೇರಿಸ್ಬಿಡ್ತೀನಿ" ಎಂದು ಮಗ. ದಾರಿಯುದ್ದಕ್ಕೂ ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡದ್ದೇ ಹೊಗಳಿಕೊಂಡದ್ದು. ತಾಯಿಯ ಮಹಿಮೆ ಎಂದು ನಾನೂ ಕೈಮುಗಿದೆ. ಮನೆಗೆ ಬಂದು ಉಪ್ಪಿಟ್ಟು ತಟ್ಟೆಗೆ ಹಾಕುವವರೆಗೆ ಆ ಮಹಿಮೆ ಇತ್ತು.

"ಸರಿ, ಇವತ್ತೇ ಅಂಗಡಿ ಹತ್ರ ಒಂದು ಸ್ಟೂಲು ಮಾಡಿಸ್ತೀನಿ. ಕಾಲೇಜು ಬಿಟ್ಟು ಬಂದ್ರೆ ಕೂತ್ಕೊಳಕ್ಕೆ" ಎಂದರು ಅತ್ತೆ.

"ಅಲ್ಲಿಂದ ನಿನ್ನ ಅಂಗಡೀಗೆ ಯಾಕಮ್ಮ ಬರ್ತಾಳೆ? ಬಸ್ಸಲ್ಲಿ ನೆಟ್ಟಗೆ ಮನೇಗೆ ಬರ್ತಾಳೆ."

"ಮಲ್ಲೇಶ್ವರದಿಂದ ಮನೇಗೆ ಬಸ್ ಯಾಕೋ?"

ಯಜಮಾನರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅಮ್ಮ, ನೀನು ಏನು ಕೇಳ್ಕೊಂಡೆ?"

"ಶೀಟಿನ ಕಾಲೇಜು ಆಗೋದಾದ್ರೆ ಬಲಗಡೆ ಕೊಡು ಅಂತ."

"ನಾನು ಕಮಾನಿಂದು ಆಗೋದಾದ್ರೆ ಬಲಗಡೆ ಕೊಡು ಅಂತ ಕೇಳ್ದೆ!"

"ಯಾವನೋ ನಿನ್ನ ಕೇಳು ಅಂದೋನು?"

"ನಿನ್ನ ಯಾರು ಕೇಳು ಅಂದ್ರು?"

ಮತ್ತೆ ಗುಡಿಗೆ ಓಡಿದರು, ಇನ್ನೊಂದು ಸಲ ಹೂ ಏರಿಸಿ ಎನ್ನಲು. ದಾಸಪ್ಪನವರು ನಕ್ಕು ನಕ್ಕು ಕಂಬ ಹಿಡಿದುಕೊಂಡರಂತೆ. "ಒಂದೇ ವಿಷಯಕ್ಕೆ ಎರಡು ಸಲ ಕೇಳಿದ್ರೆ ತಾಯಿ ಮುನಿಸ್ಕೊತಾಳೆ. ಹೂವೇನೋ ಕೊಟ್ಟವ್ಳೆ. ಯಾರಿಗೆ ಕೊಟ್ಲು ಅಂತ ನನ್ನೇನು ಕೇಳ್ತೀರಿ? ನಾನು ಅಂಟಿಸೋನು ಅಷ್ಟೇ" ಎಂದು ಕಳಿಸಿಬಿಟ್ಟರು.

ಇವರು ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗುವ ಹೊತ್ತಿಗೆ ನಾಣಿ ಸೀರೆಯುಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಆ ದಾಸವಾಳವನ್ನು ಜಡೆಯ ಬುಡಕ್ಕೆ ಸಿಕ್ಕಿಸಿಕೊಂಡಿದ್ದಳು.

"ಅಣ್ಣ, ನೀನೂ ಕೇಳ್ದೆ, ಅಮ್ಮನೂ ಕೇಳಿದ್ಲು. ಎರಡು ಕಾಲೇಜನ್ನೂ ನೀವಿಬ್ಬರೂ ಹೊರಗಿಂದ ಬಿಟ್ರೆ ಒಳಗೆ ನೋಡಿಲ್ಲ. ನಾನೂ ನೋಡಿಲ್ಲ. ನೋಡ್ಕೊಂಡು ಬರ್ತೀನಿ. ಅತ್ತಿಗೆ, ನೀವು ಬನ್ನಿ. ನೀವೊಬ್ರೇ ಏನೂ ಕೇಳ್ಕೊಳ್ದೇ ಇದ್ದೋರು."

ಅದೇ ಮೊದಲ ಸಲ ಅವಳು ಅಣ್ಣನ ಮುಖ ನೋಡಿ ಹಾಗೆ ಮಾತಾಡಿದ್ದು.

ಮೊದಲು ಕಮಾನಿನ ಕಾಲೇಜಿಗೆ ಹೋದೆವು. ಆ ಗೇಟು ದಾಟುವಾಗ ನನಗೆ ಚಪ್ಪಲಿ ಬಿಟ್ಟು ಹೋಗಬೇಕೇನೋ ಅನ್ನಿಸಿತು. ಹೊರಗೆ ಬಸ್ಸಿನ ಹೊಗೆ, ಒಳಗೆ ಬಂದರೆ ತಣ್ಣಗೆ, ಬಾವಿಯೊಳಗೆ ಇಳಿದ ಹಾಗೆ. ಕಮಾನಿನಾಚೆ ಕಮಾನು, ಅದರಾಚೆ ಇನ್ನೊಂದು. ಕಲ್ಲಿನ ಮೆಟ್ಟಿಲುಗಳು ನಡುವೆ ಸವೆದು ಬಟ್ಟಲಿನಂತಾಗಿದ್ದವು. ಎಷ್ಟು ಜನ ಓದಿ ಓದಿ ಈ ಕಲ್ಲು ಕರಗಿಸಿದ್ದಾರೋ ಎಂದುಕೊಂಡೆ. ನಾಣಿ ಬಗ್ಗಿ ಒಂದು ಮೆಟ್ಟಿಲನ್ನು ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೇಲೆ ಉದ್ದನೆಯ ಪಡಸಾಲೆಯಲ್ಲಿ ಗಾಜಿನ ಬೀರುಗಳು. ಶೀಸೆಯಲ್ಲಿ ಸುತ್ತಿಕೊಂಡು ಮಲಗಿದ ಹಾವು, ನನ್ನ ಎದೆಯೆತ್ತರದ ಆನೆ ತಲೆಬುರುಡೆ, ಒಣಗಿದ ಎಲೆಗಳನ್ನು ಅಂಟಿಸಿದ ಹಾಳೆಗಳು. ನಾನು ಬಾಯಿ ಮುಚ್ಚುವುದನ್ನೇ ಮರೆತಿದ್ದೆ.

ಅಲ್ಲೊಬ್ಬರು ಮೇಡಂ ಸಿಕ್ಕಿದರು, ಆಂಡಾಳ್ ಎಂದು ಹೆಸರು. ಕಿವಿಯಲ್ಲಿ ವಜ್ರದ ಓಲೆ, ಮಾತು ಬಹಳ ಮೆತ್ತಗೆ. ನಾಣಿಗೆ ಸೀಟು ಸಿಕ್ಕಿದೆ ಎಂದು ತಿಳಿದು ಬೆನ್ನು ಸವರಿದರು.

"ಮೇಡಂ, ಇಲ್ಲಿ ಮೈಕ್ರೋಸ್ಕೋಪ್ ಇದ್ಯಾ?" ಎಂದು ನಾಣಿ ಕೇಳಿದಳು.

"ಇದೆಯಮ್ಮ, ಒಳ್ಳೊಳ್ಳೇದೇ ಇದೆ. ಆದ್ರೆ ಹುಡುಗರು ಜಾಸ್ತಿ ನೋಡು. ಒಂದೊಂದರ ಸುತ್ತ ಒಂದು ಗುಂಪು ನಿಲ್ಲತ್ತೆ. ನಿನ್ನ ಸರದಿ ಬಂದಾಗ ಒಂದು ಕ್ಷಣ ನೋಡ್ಕೋಬೇಕು. ಚಿತ್ರ ಬರೆಯೋದಕ್ಕೆ ಪುಸ್ತಕ ಇದ್ದೇ ಇದೆ." ಆಮೇಲೆ ಅವಳ ಮುಖ ನೋಡಿ, "ಅದಕ್ಕೆಲ್ಲ ಬೇಜಾರು ಮಾಡ್ಕೋಬೇಡ. ಇಲ್ಲಿ ಓದಿದೀನಿ ಅಂದ್ರೆ ಸಾಕು, ಮುಂದೆ ಯಾವ ಬಾಗಿಲಿಗೆ ಹೋದ್ರೂ ತೆಗೀತಾರೆ. ಈ ಹೆಸರು ಜೀವಮಾನ ನಿನ್ನ ಜೊತೆಗಿರತ್ತೆ" ಎಂದರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊರಗೆ ಬಂದು ನಾನು, "ಇಲ್ಲೇ ಸೇರ್ಕೊಳೇ ನಾಣಿ. ಇಂದ್ರನ ಅರಮನೆ ಇದ್ದಂಗಿದೆ" ಎಂದೆ. ಅವಳು ಮೂರು ಸಲ ತಿರುಗಿ ನೋಡಿದಳು. ಅವಳಿಗೂ ಬಿಟ್ಟು ಬರಲು ಮನಸ್ಸಿರಲಿಲ್ಲ.

ಶೇಷಾದ್ರಿಪುರದ ಮೇಲೆ ನಡೆದುಕೊಂಡು ಮಲ್ಲೇಶ್ವರಕ್ಕೆ ಬಂದಾಗ ಬಿಸಿಲು ಏರಿತ್ತು. ಶೀಟಿನ ಕಾಲೇಜಿನ ಮುಂದೆ ಒಂದು ಮೇಕೆ ಕಟ್ಟಿತ್ತು. ಒಳಗೆ ತಗಡಿನ ಕೆಳಗೆ ಕಾವಲಿಯ ಮೇಲೆ ಕೂತ ಹಾಗೆ. ಬಿ.ಕಾಂ. ಹುಡುಗರ ಗಲಾಟೆ. ಹಿಂದಿನ ರೂಮಿನಲ್ಲಿ ಒಬ್ಬರೇ ಕೂತು ಪೇಪರ್ ಓದುತ್ತಿದ್ದವರು ಬದರೀನಾರಾಯಣ ಎಂಬ ಮೇಷ್ಟ್ರು. ಬಸವನಗುಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರಂತೆ. ಇನ್ನೂ ಎಳೆ ವಯಸ್ಸು, ದಪ್ಪ ಕನ್ನಡಕ, ತೋಳಿನ ತುಂಬಾ ಸೀಮೆಸುಣ್ಣ.

"ಬಾಟನಿಗಾ?" ಎಂದು ಎದ್ದೇ ನಿಂತರು. "ಬಾಟನಿಗೆ ಬಂದಿದೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಲ್ಲಾ ಕಾಮರ್ಸ್‌ಗೆ ಹೋಗ್ತಾರಮ್ಮ. ಹೋದ ವರ್ಷ ನನ್ನ ಕ್ಲಾಸಿಗೆ ಬಂದೋರನ್ನ ಒಂದು ಆಟೋದಲ್ಲಿ ಕೂರಿಸಬಹುದಾಗಿತ್ತು."

ನಾಣಿ ಅಲ್ಲಿಯೂ ಅದೇ ಪ್ರಶ್ನೆ ಕೇಳಿದಳು.

ಮೇಷ್ಟ್ರು ಬೀರು ತೆಗೆದು, ಬಿಳೀ ಬಟ್ಟೆ ಹೊದಿಸಿದ್ದ ಮರದ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ತಂದು ಕಿಟಕಿಯ ಹತ್ತಿರ ಇಟ್ಟರು. ಉತ್ಸವಮೂರ್ತಿಯನ್ನು ತಂದಿಡುವ ಹಾಗೆಯೇ ಇತ್ತು. ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದಂತೆ. ಹಿತ್ತಾಳೆಯ ಕೊಳವೆ ಹೊಳೆಯುತ್ತಿತ್ತು. ಕೆಳಗಿನ ಪುಟ್ಟ ಕನ್ನಡಿಯನ್ನು ತಿರುಗಿಸಿ ಕಿಟಕಿಯ ಬೆಳಕನ್ನು ಹಿಡಿದರು. "ನೋಡೋದಕ್ಕೆ ಏನಾದ್ರೂ ಬೇಕಲ್ಲ... ತಲೇಲಿ ದಾಸವಾಳ ಇದೆಯಲ್ಲಮ್ಮ, ಅದನ್ನ ಕೊಡ್ತೀಯಾ?"

ನಾನು ಅಡ್ಡ ಬಂದೆ. "ಸ್ವಾಮಿ, ಅದು ಪ್ರಸಾದದ ಹೂವು. ಗಂಗಮ್ಮ ಬಲಗಡೆಯಿಂದ ಕೊಟ್ಟಿದ್ದು."

ಮೇಷ್ಟ್ರು ಕೈ ಹಿಂದೆ ತೆಗೆದುಕೊಂಡರು. "ಅಯ್ಯೋ, ಬೇಡ ಬೇಡ. ಬೇರೆ ಹೂವು ತರಿಸೋಣ."

ನಾಣಿ ತಾನೇ ಜಡೆಯಿಂದ ಹೂವನ್ನು ತೆಗೆದು ಕಣ್ಣಿಗೊತ್ತಿಕೊಂಡಳು. "ಬೆಳಿಗ್ಗೆಯಿಂದ ಯಾರಿಗೆ ಕೊಟ್ಲು, ಯಾರಿಗೆ ಕೊಟ್ಲು ಅಂತಿದಾರೆ ಅತ್ತಿಗೆ. ನನ್ನ ಕೈಗೆ ತಾನೇ ಬಂದಿದ್ದು?" ಎಂದವಳೇ ಹೂವಿನ ನಡುವಿನ ಕಡ್ಡಿಯನ್ನು ಗಾಜಿನ ಚೂರಿನ ಮೇಲೆ ಮೆಲ್ಲಗೆ ತಟ್ಟಿದಳು. ಚಿಟಿಕೆಯಷ್ಟೂ ಅಲ್ಲ, ಅರಿಶಿನದ ಧೂಳಿನಂಥದ್ದು ಒಂದಿಷ್ಟು ಉದುರಿತು. ಹೂವಿಗೆ ಏನೂ ಆಗಲಿಲ್ಲ. ಅದನ್ನು ಮತ್ತೆ ಜಡೆಗೆ ಸಿಕ್ಕಿಸಿಕೊಂಡು, ಕೊಳವೆಗೆ ಕಣ್ಣಿಟ್ಟಳು.

ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಮೇಷ್ಟ್ರು ಅವಸರ ಮಾಡಲಿಲ್ಲ, ಹಿಂದೆ ಸಾಲಿನಲ್ಲಿ ಯಾರೂ ನಿಂತಿರಲಿಲ್ಲ. ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಅವಳ ಬೆನ್ನು ನಡುಗುವುದು ನನಗೆ ಕಂಡಿತು. ಅಳುತ್ತಿದ್ದಾಳೆ ಎಂದು ಗಾಬರಿಯಾಗಿ ಹತ್ತಿರ ಹೋದೆ. ಅವಳು ನನ್ನ ಕೈ ಹಿಡಿದೆಳೆದು, "ನೋಡಿ ಅತ್ತಿಗೆ" ಎಂದು ಜಾಗ ಬಿಟ್ಟಳು.

ನಾನು ಕಂಡದ್ದನ್ನು ಹೇಗೆ ಹೇಳಲಿ. ಒಂದು ದುಂಡನೆಯ ಬೆಳಕಿನ ಕೊಳ. ಅದರಲ್ಲಿ ಬಂಗಾರದ ಚೆಂಡುಗಳು. ಒಂದೊಂದರ ಮೈತುಂಬಾ ಮುಳ್ಳು, ಉಮ್ಮತ್ತಿ ಕಾಯಿಗೆ ಇರುತ್ತದಲ್ಲ ಹಾಗೆ. ಆದರೆ ಯಾವ ಅಕ್ಕಸಾಲಿಯೂ ಅಷ್ಟು ಒಪ್ಪವಾಗಿ ಕೂರಿಸಲಾರ. ಒಂದರ ಹಾಗೆ ಇನ್ನೊಂದು, ಎಣಿಸಲಾಗದಷ್ಟು. ನಾನು ದಿನವೂ ಬೆರಳಿನಿಂದ ಒರೆಸಿ ಬಿಸಾಡುತ್ತಿದ್ದ ಧೂಳು ಅದು. ಬೆಳಿಗ್ಗೆ ಗುಡಿಯಲ್ಲಿ ಮೈ ಜುಮ್ಮೆಂದದ್ದು ನೆನಪಿದೆಯಲ್ಲ, ಅದೇ ಜುಮ್ಮು ಮತ್ತೆ ಬಂತು. ನನಗೆ ಗೊತ್ತಿಲ್ಲದೆಯೇ ಕೈಮುಗಿದಿದ್ದೆ.

"ಇದನ್ನ ನಾನು ದಿನಾ ನೋಡಬಹುದಾ ಸಾರ್?" ಎಂದು ನಾಣಿಯ ದನಿ ಹಿಂದಿನಿಂದ ಕೇಳಿಸಿತು.

"ನೋಡೋದಕ್ಕೇ ಇರೋದಮ್ಮ. ನೋಡೋರೇ ಇಲ್ಲ ಅನ್ನೋದೇ ನನ್ನ ಸಂಕಟ."

ಸಂಜೆ ಮನೆಯಲ್ಲಿ ನಾಣಿ ಹೇಳಿದಳು: "ನಾನು ಶೀಟಿನ ಕಾಲೇಜಿಗೇ ಸೇರ್ತೀನಿ."

"ಕೇಳಿಸ್ಕೊಂಡ್ಯೇನೋ ಹನುಮಂತ! ಗಂಗಮ್ಮ ಯಾರ ಮಾತು ಕೇಳಿದ್ಲು ಗೊತ್ತಾಯ್ತಾ?" ಎಂದು ಅತ್ತೆ ಮಂಡಿ ತಟ್ಟಿಕೊಂಡರು.

"ನಿನ್ನ ಮಾತಿಗಲ್ಲಮ್ಮ. ಮಧ್ಯಾಹ್ನ ನಾನು ಬುಟ್ಟಿ ಹತ್ರ ಕೂರೋಕೆ ಬರಲ್ಲ, ಅಲ್ಲಿ ನೋಡೋದು ಬೇಕಾದಷ್ಟಿದೆ. ಪೂರ್ತಿ ಓದಿ ಮುಗಿಸೋವರೆಗೂ ಮದುವೆ ಮಾತು ಎತ್ತೋ ಹಾಗಿಲ್ಲ."

ಅತ್ತೆಯ ಕೈ ಮಂಡಿಯ ಮೇಲೇ ಉಳಿಯಿತು. ಯಜಮಾನರ ಮುಖ ನೋಡಲಾಗುತ್ತಿರಲಿಲ್ಲ. "ಆ ಗೇಟೊಳಗೆ ಹೋಗೋ ಯೋಗ ಕಾಲ್ಹತ್ರ ಬಂದೈತೆ. ಒದ್ದು ಮೇಕೆ ಕಟ್ಟೋ ಕೊಟ್ಟಿಗೇಗೆ ಹೋಗ್ತೀನಿ ಅಂತೀಯಲ್ಲೇ. ಜನ ನಗಲ್ವಾ? ನಾನು ಸೈನ್ ಹಾಕಲ್ಲ" ಎಂದರು. ಗಾರ್ಡಿಯನ್ ಸೈನ್ ಹಾಕದೆ ಯಾವ ಕಾಲೇಜಿಗೂ ಸೇರುವಂತಿರಲಿಲ್ಲ.

ನಾಣಿ ಜಗಳವಾಡಲಿಲ್ಲ. "ನಾಳೆ ಒಂದು ಸಲ ಬಂದು ನೋಡಣ್ಣ. ನೋಡಿದ ಮೇಲೂ ಬೇಡ ಅಂದ್ರೆ ಕಮಾನಿಗೇ ಸೇರ್ತೀನಿ. ಆಣೆ" ಎಂದಳು. ನನಗೆ ದಿಗಿಲಾಯಿತು. ಇಡೀ ಬದುಕನ್ನು ಆ ಹಿತ್ತಾಳೆ ಕೊಳವೆಗೆ ಪಣ ಇಟ್ಟಿದ್ದಳು.

ಶನಿವಾರ ಯಜಮಾನರು ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಷರ್ಟು ತೊಟ್ಟು ಶೀಟಿನ ಕಾಲೇಜಿಗೆ ಬಂದರು. ಜೊತೆಗೆ ಬಂದ ಅತ್ತೆ ಗೇಟಿನ ಒಳಗೆ ಕಾಲಿಡಲಿಲ್ಲ. ಪ್ರಸಾದದ ಹೂವಿನ ಧೂಳನ್ನು ಉದುರಿಸಿ ನೋಡಿದರೆಂಬ ಸಿಟ್ಟು ಅವರಿಗೆ. "ದೇವರ ಹೂವಿನ ಒಳಗೆ ಇಣುಕೋರ ಸಹವಾಸ ನನಗೆ ಬೇಡ" ಎಂದು ಹೊರಗೇ ಮೇಕೆಯ ಪಕ್ಕ ಕೂತರು.

ಮೇಷ್ಟ್ರು ಅವತ್ತು ಬೇರೆ ದಾಸವಾಳ ತಂದಿಟ್ಟಿದ್ದರು. ಯಜಮಾನರು ಬಗ್ಗಿ ನೋಡಿ, "ಏನೂ ಇಲ್ಲ ಇಲ್ಲಿ. ಬರೀ ಕರೀ ಕಡ್ಡಿಗಳು" ಎಂದರು.

ನಾಣಿಯ ಮುಖ ಬಿಳಿಚಿಕೊಂಡಿತು.

ಮೇಷ್ಟ್ರು ನಕ್ಕರು. "ಅದು ನಿಮ್ಮ ರೆಪ್ಪೆ ಕೂದಲು ಸಾರ್. ಎಲ್ಲರೂ ಮೊದಲು ಅದನ್ನೇ ನೋಡೋದು. ಸ್ವಲ್ಪ ಹಿಂದೆ ಬನ್ನಿ. ಈ ತಿರುಪು ಹೀಗೆ."

ತಿರುಪು ಎಂದ ಕೂಡಲೇ ಫಿಟ್ಟರ್ ಕೈ ತಾನಾಗಿಯೇ ಹೋಗಿ ಹಿಡಿಯಿತು. ಬಹಳ ನಾಜೂಕಾಗಿ ತಿರುಗಿಸಿದರು. ಆಮೇಲೆ ಕೈ ನಿಂತಿತು. ಆ ಮನುಷ್ಯ ಅಷ್ಟು ಸುಮ್ಮನಿದ್ದುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ತಲೆಯೆತ್ತಿದಾಗ ಕಣ್ಣಿನ ಸುತ್ತ ಕೊಳವೆಯ ದುಂಡು ಗುರುತು ಮೂಡಿತ್ತು.

"ಕಮಾನಿನ ಕಾಲೇಜಲ್ಲೂ ಇದು ಐತಂತಲ್ಲ" ಎಂದರು ಮೆಲ್ಲಗೆ.

"ಇದೆಯಣ್ಣ. ಸರದಿ ಬಂದಾಗ ಒಂದು ಕ್ಷಣ. ಈಗ ನೀನು ಎಷ್ಟು ಹೊತ್ತು ನೋಡ್ದೆ?"

ಅವರು ಮೇಷ್ಟ್ರ ಕಡೆ ತಿರುಗಿ, "ಸೈನ್ ಎಲ್ಲಿ ಹಾಕ್ಬೇಕು ಸ್ವಾಮಿ?" ಎಂದರು. ಹೊರಗೆ ಬಂದು, "ಅಮ್ಮ, ಒಂದ್ಸಲ ನೋಡು ಬಾರಮ್ಮ" ಎಂದು ಕರೆದರು. ಅತ್ತೆ ಮುಖ ತಿರುಗಿಸಿಕೊಂಡರು.

ನಾಣಿ ಓದಿ ಮುಗಿಸಿದಳು. ಮೇಷ್ಟ್ರು ಬೀರುವಿನ ಬೀಗದ ಕೈಯನ್ನೇ ಅವಳ ಕೈಗೆ ಕೊಟ್ಟಿದ್ದರು. ಮಾವಿನ ಹೂವು, ಹುಣಸೆ ಹೂವು, ರೈಲು ಹಳಿಯ ಪಕ್ಕದ ತುಂಬೆ, ಒಂದನ್ನೂ ಬಿಡಲಿಲ್ಲ. ಆಂಡಾಳ್ ಮೇಡಂ ಹೇಳಿದ ಮಾತೂ ನಿಜವಾಯಿತು. ಕೆಲಸಕ್ಕೆಂದು ಹೋದ ಕಡೆಯಲ್ಲೆಲ್ಲ ಯಾವ ಕಾಲೇಜು ಎಂದು ಕೇಳಿ, ಹೆಸರು ಹೇಳಿದೊಡನೆ ಮುಂದಿನವರನ್ನು ಕರೆಯುತ್ತಿದ್ದರು. ಒಂದು ದಿನ ಹಾಗೆ ಬರಿಗೈಯಲ್ಲಿ ಬಂದು ಹೊಸ್ತಿಲಲ್ಲಿ ಕೂತಾಗ, "ತಪ್ಪು ಮಾಡಿದೆ ಅನ್ನಿಸ್ತಿದ್ಯಾ?" ಎಂದು ನಾನು ಕೇಳಿದೆ. ಹಳಿಯ ಕಡೆ ನೋಡುತ್ತ, "ಆ ಮೆಟ್ಟಿಲು ಒಂದೊಂದು ಸಲ ಕನಸಲ್ಲಿ ಬರತ್ತೆ ಅತ್ತಿಗೆ. ಆದ್ರೆ ಕಣ್ತುಂಬಾ ನೋಡಿದೀನಿ" ಎಂದಳು. ಕೊನೆಗೆ ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆದಳು. ಅಂಚೆ ಕಚೇರಿಯವರೊಬ್ಬರನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದಳು. ಅವಳ ಕ್ಲಾಸಿಗೆ ಮೊದಲ ದಿನ ಪ್ರತಿ ಹುಡುಗಿಯೂ ಒಂದು ಹೂವು ತರಬೇಕು. ಸರದಿ ಬಂದವಳು ಎಷ್ಟು ಹೊತ್ತು ನೋಡಿದರೂ ಹಿಂದಿನವಳು ಉಸಿರೆತ್ತುವಂತಿಲ್ಲ. ಅದು ಅವಳ ಕಾನೂನು.

ಎಂಬತ್ತರ ದಶಕದ ನಡುವಿನ ಒಂದು ದಸರಾ ರಜೆ. ಅತ್ತೆ ಆಗ ಮಾರ್ಕೆಟ್ಟಿಗೆ ಹೋಗುವುದನ್ನು ಬಿಟ್ಟಿದ್ದರು, ಮನೆಯಲ್ಲೇ ಕೂತು ಹೂ ಕಟ್ಟಿ ಕೊಡುತ್ತಿದ್ದರು. ನಾಣಿ ಹೆಡ್‌ಮಿಸ್ಟ್ರೆಸ್‌ ಅವರನ್ನು ಕೇಳಿ, ಸ್ಕೂಲಿನ ಮೈಕ್ರೋಸ್ಕೋಪನ್ನು ಟವಲಿನಲ್ಲಿ ಸುತ್ತಿಕೊಂಡು ಆಯುಧಪೂಜೆಗೆ ಮನೆಗೆ ತಂದಳು. ಯಜಮಾನರ ಸ್ಪ್ಯಾನರುಗಳ ಪಕ್ಕ ಇಟ್ಟು ಕುಂಕುಮ ಹಚ್ಚಿ, ಮೇಲೆ ನಮ್ಮ ಅಂಗಳದ ಗಿಡದ ಒಂದು ದಾಸವಾಳ ಇಟ್ಟೆವು. ಮಂಗಳಾರತಿಯಾದ ಮೇಲೆ ಅತ್ತೆ ಅದನ್ನೇ ನೋಡುತ್ತ ಕೂತಿದ್ದರು.

"ಏನಮ್ಮೀ, ಅವತ್ತು ನಿಮ್ಮಣ್ಣ ಇಣುಕಿ ಮೂಗನಾಗಿ ಬಂದ್ನಲ್ಲ, ಅದು ಇದೇನಾ?"

"ಅಂಥದ್ದೇ ಅಮ್ಮ. ನೋಡ್ತೀಯಾ?"

ಅತ್ತೆ ಬೇಡ ಎನ್ನಲಿಲ್ಲ. ನಾಣಿ ಅಂಗಳದ ಬೆಳಕಿಗೆ ಅದನ್ನು ತಂದಿಟ್ಟು, ಹೂವಿನ ಧೂಳು ತಟ್ಟಿ, ಅಮ್ಮನ ಗದ್ದ ಹಿಡಿದು ಸರಿಯಾಗಿ ಕೂರಿಸಿದಳು. ಅತ್ತೆ ಮೊದಲು ರೆಪ್ಪೆ ಕೂದಲನ್ನೇ ನೋಡಿ ಬೈದರು. ಆಮೇಲೆ ಬೈಗುಳ ಅರ್ಧಕ್ಕೇ ನಿಂತಿತು. ಯಜಮಾನರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಇವೆಲ್ಲಾ ಜೀವ ಇರೋವಾ?" ಎಂದರು ಅತ್ತೆ, ತಲೆಯೆತ್ತದೆ.

"ಹೂನಮ್ಮ. ಸರಿಯಾದ ಹೂವಿಗೆ ಹೋಗಿ ಬಿದ್ರೆ ಒಂದೊಂದೂ ಒಂದೊಂದು ಬೀಜ ಆಗಬಹುದು."

ಅತ್ತೆ ಮೆಲ್ಲಗೆ ಎದ್ದು ಕೂತರು. ಅವರ ಸೆರಗು ಯಾವಾಗಲೂ ಹಳದಿ ಹಳದಿಯೇ. ಹೂವಿನ ಧೂಳು ಕೈಗೆ ಅಂಟಿದಾಗಲೆಲ್ಲ ಒರೆಸಿ ಒರೆಸಿ, ಒಗೆದರೂ ಹೋಗದ ಕಲೆ. ಅದನ್ನು ಎರಡು ಕೈಯಲ್ಲಿ ಹರಡಿ ಹಿಡಿದು ನೋಡಿದರು.

"ಗಂಗಮ್ಮ ಆ ಹೂವ ನನ್ನ ಮಾತಿಗೇ ಕೊಟ್ಲು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಕಣೇ ನಾಣಿ" ಎಂದರು. ಆಮೇಲೆ, "ಎಷ್ಟು ತೋಟ ಒರೆಸಿ ಹಾಕಿದೀನೋ ಇದರಲ್ಲಿ" ಎಂದರು.

ಹಳಿಯ ಮೇಲೆ ಗಾಡಿ ಹೋಯಿತು, ಒಳಗೆ ಲೋಟಗಳು ಮಾತಾಡಿದವು. ಅತ್ತೆ ಸೆರಗನ್ನು ಕೊಡವಲಿಲ್ಲ. ಹರಡಿ ಹಿಡಿದ ಹಾಗೆಯೇ ಎದ್ದು, ಒಂದು ಕಣವೂ ಉದುರಬಾರದು ಎನ್ನುವ ಹಾಗೆ ಮೆಲ್ಲಗೆ ಹೆಜ್ಜೆಯಿಡುತ್ತಾ, ಅಂಗಳದ ಮೂಲೆಯ ದಾಸವಾಳದ ಗಿಡದ ಹತ್ತಿರ ಹೋಗಿ ನಿಂತರು.